ಬಸರಿ ಮರದ ಹೆಜ್ಜೆ

೨೦೭೪ ಮಾರ್ಚ್ ೧೧, ಬೆಳಗ್ಗೆ ೭ ಗಂಟೆ ೪೦ ನಿಮಿಷ. ದಾವಣಗೆರೆಯ ಮರಗಳು ಬೇಸಿಗೆಗೆಂದು ಕೆರೆಯತ್ತ ಹೊರಡುವ ಕಾಲ. ಅವು ನಡೆಯುವುದು ಸೈಕಲ್ ದಾರಿಯಲ್ಲೇ. ಸವಾರರು ಬೆಲ್ ಹೊಡೆಯದೆ ಪಕ್ಕದಿಂದ ಸಾಗುತ್ತಾರೆ.

ಕಾಲೇಜಿಗೆ ಸೈಕಲ್‌ನಲ್ಲೇ ಹೋಗುವ ನೀಲಾಂಬಿಕೆ, ಬಸರಿ ಮರದಡಿ ಸೇರಿದ್ದ ಸಾರ್ವಜನಿಕ ಸಭೆಯಲ್ಲಿ ನಿಂತಿದ್ದಳು. ಈ ಬೀದಿಯಿಂದ ಕಳೆದ ಮೂರು ವರ್ಷ ಒಂದು ಮರವೂ ಹೊರಟಿರಲಿಲ್ಲ. ಇವತ್ತು ಎಂಟು ಗಂಟೆಯೊಳಗೆ ಒಂದಾದರೂ ಹೊರಡದಿದ್ದರೆ ಸೈಕಲ್ ದಾರಿಯನ್ನು ಕಿತ್ತು ಕಾರುಗಳಿಗೆ ಕೊಡುವುದೆಂದು ಪಾಲಿಕೆ ತೀರ್ಮಾನಿಸಿತ್ತು. ಒಂದು ಹೆಜ್ಜೆ ಇಟ್ಟರೂ ಹೊರಟಂತೆಯೇ ಲೆಕ್ಕ; ಅದನ್ನು ಅಳೆದು ಬರೆದುಕೊಳ್ಳಲು ಪಾಲಿಕೆಯವರು ಟೇಪು ಹಿಡಿದು ನಿಂತಿದ್ದರು. ಲಾರಿಗಳ ನಡುವೆ ಸೈಕಲ್ ತುಳಿಯುವ ಧೈರ್ಯ ಅವಳಿಗಿರಲಿಲ್ಲ.

"ನಿಮ್ಮ ಮರ ನಿದ್ದಿ ಹೊಡೀತೈತಮ್ಮ," ಎಂದರು ಕಾರು ಮಾಲೀಕರ ಸಂಘದ ಕೊಟ್ರೇಶಪ್ಪ. "ನಾವು ದಿನಾ ಟ್ರಾಫಿಕ್ ಜಾಮ್‌ನಾಗೆ ಬೇಯಬೇಕೇನು?"

"ಮೇಲ್ಸೇತುವೆ ಕಟ್ಟಿಸಿದಾಗ್ಲೂ ಹಿಂಗೇ ಅಂದಿದ್ರಿ, ಅಣ್ಣಾರೆ. ಜಾಮ್ ಕಮ್ಮಿ ಆತಾ?" ಎಂದಳು ನೀಲಾಂಬಿಕೆ.

ಅಷ್ಟರಲ್ಲಿ ಕಾಲಡಿಯ ನೆಲ ಮೆಲ್ಲಗೆ ನಡುಗಿತು. ಬಸರಿಯ ಒಂದು ದಪ್ಪ ಬೇರು ಮಣ್ಣಿನಿಂದೆದ್ದು, ಹೊಳೆಗೆ ಇಳಿಯುವವರ ಕಾಲಿನಂತೆ ತಡಕಾಡಿ, ಸೈಕಲ್ ದಾರಿಯ ಮೇಲೆ ಊರಿತು. ಇಡೀ ಮರ ಅದರ ಹಿಂದೆ ಜರುಗಿತು. ಕೊಂಬೆಯ ಹಕ್ಕಿಗಳು ಕದಲಲಿಲ್ಲ. ರಸ್ತೆಯಲ್ಲಿ ಹಾರ್ನ್‌ಗಳು ಒಂದೊಂದಾಗಿ ನಿಂತವು.

ಕೊಟ್ರೇಶಪ್ಪ ಚಪ್ಪಲಿ ಬಿಟ್ಟು, ಪಾಲಿಕೆಯವರ ಕೈಯಿಂದ ಟೇಪು ಇಸಿದುಕೊಂಡು, ತಾವೇ ಮಂಡಿಯೂರಿ ಅಳೆದರು.

"ಬರ್ಕಳ್ರಿ," ಎಂದರು ಪಿಸುದನಿಯಲ್ಲಿ. "ಹದಿನೇಳು ಸೆಂಟಿಮೀಟರ್."