ಬಿರುಗಾಳಿ ನಿಂತ ಮೇಲೆ

ಅಮ್ಮನ ಆಪರೇಷನ್ ನಾಳೆ ಎಂದು ಊರಿನಿಂದ ತಮ್ಮ ವಾರಿಜಾಗೆ ಹೇಳಿದ ಮೇಲೆ ಧ್ರುವದ ಆ ಸಂಶೋಧನಾ ಠಾಣೆಯಲ್ಲಿ ರೇಡಿಯೊ ಮೂಕವಾಯಿತು. ಸೂರ್ಯನಿಂದ ಬಿರುಗಾಳಿಯಂತೆ ನುಗ್ಗಿದ ಕಣಗಳು ಮೇಲೆ ಓಝೋನನ್ನು ಕರಗಿಸುತ್ತಿದ್ದವು, ರೇಡಿಯೊ ಅಲೆಗಳನ್ನೂ ನುಂಗುತ್ತಿದ್ದವು. ಆ ಕಣಗಳನ್ನು ಅಳೆಯುವವಳು ವಾರಿಜಾ. ಜನರೇಟರಿನ ಡೀಸೆಲ್ ಉಳಿಯಲೆಂದು, ಅವಳು ಹೂಂ ಅಂದ ಮೇಲೇ ರೇಡಿಯೊ ಹಚ್ಚುವುದು ಅಲ್ಲಿಯ ರೂಢಿ.

"ನಿಂತಿತಾ ಮೇಡಂ?" ನಾಲ್ಕನೇ ದಿನ ರೇಡಿಯೊ ನೋಡಿಕೊಳ್ಳುವ ಕುಶಾಲಪ್ಪ ಮತ್ತೆ ಬಾಗಿಲಿಗೆ ಬಂದ. "ನಾನು ಹಿಮದಲ್ಲಿ ಹೂತುಹೋದೆ ಅಂತ ನನ್ನ ಹೆಂಡತಿ ಅಳುತ್ತಿರುತ್ತಾಳೆ. ನಿಮಗೂ ಅಮ್ಮನ ಸುದ್ದಿ ಬೇಕಲ್ಲ?"

ವಾರಿಜಾ ಉಗುರು ಕಚ್ಚುತ್ತಾ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಳು.

"ಇನ್ನೂ ಜೋರಾಗಿದೆ ಕುಶಾಲಪ್ಪನವರೇ. ನಾಳೆ ನೋಡೋಣ."

ಅವನು ಗೊಣಗುತ್ತಾ ಹೋದ ಮೇಲೆ ಅವಳು ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು. ಕಣಗಳು ನಿನ್ನೆಯೇ ನಿಂತುಹೋಗಿದ್ದವು.