ಐದನೆಯ ಸಲ ಒಯ್ದ ಕ್ಯಾಸೆಟ್

ಪಕೀರಪ್ಪ ಕಳ್ಳನೇ ಎಂದು ಸತ್ತಾರ್ ಸಾಬ್ ತೀರ್ಮಾನಿಸಿದ್ದು ಭಾನುವಾರ ಮಧ್ಯಾಹ್ನ. ಕೂಡಲೇ ವಿಡಿಯೊ ಅಂಗಡಿಯ ಬಾಗಿಲೆಳೆದು ಸೈಕಲ್ ಹತ್ತಿದರು.

ಪಕೀರಪ್ಪ ಒಯ್ದಿದ್ದ ಸಿನಿಮಾವನ್ನು ರಾಯಚೂರಿನಲ್ಲಿ ಕೇಳುವವರೇ ಕಡಿಮೆ. ಜೀತದಾಳುಗಳು ಬಿಸಿಲಲ್ಲಿ ಕೆರೆ ತೋಡುವ ಕಥೆ. ಕಾಲೇಜಿನ ಮೇಷ್ಟ್ರುಗಳು ಮಾತ್ರ ಬಾಡಿಗೆಗೆ ಒಯ್ಯುತ್ತಿದ್ದರು. ಹಿಂದಿರುಗಿಸುವಾಗ ಎಲ್ಲರದೂ ಒಂದೇ ಮಾತು: "ಮುದುಕಿ ಕುಸಿದು ಬೀಳೋ ಸೀನ್ ನೋಡೀರೇನ್ರಿ? ಏನ್ ನಟನೆ!"

ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ ಪಕೀರಪ್ಪ, ಎರಡೇ ತಿಂಗಳಲ್ಲಿ ಅದನ್ನು ವಿ.ಸಿ.ಆರ್. ಸಮೇತ ಐದು ಸಲ ಒಯ್ದಿದ್ದ. ನಾಲ್ಕನೆಯ ಸಲ ವಾಪಸು ಬಂದಾಗ ಟೇಪು ಒಂದೇ ಕಡೆ ಸವೆದು, ಚಿತ್ರದ ಮೇಲೆ ಬಿಳಿ ಗೆರೆಗಳು ಎದ್ದಿದ್ದವು. ಇನ್ನೊಂದು ಮಿಷನ್ ಇಟ್ಟುಕೊಂಡು ನಕಲು ತೆಗೆದು ಮಾನ್ವಿ, ದೇವದುರ್ಗಕ್ಕೆ ಮಾರುತ್ತಿರಬೇಕು. ಸತ್ತಾರ್ ಸಾಬರ ಬಳಿ ಇದ್ದುದು ಅದೊಂದೇ ಪ್ರತಿ.

ಪಕೀರಪ್ಪನ ಮನೆಯ ಬಾಗಿಲಲ್ಲೇ ಅವನ ಹೆಂಡತಿ ಸೂಗಮ್ಮ ಎದುರಾದಳು. ಅಡ್ಡ ನಿಲ್ಲುವ ಬದಲು ಕೈ ಮುಗಿದಳು.

"ಯಣ್ಣಾ, ಆ ಕ್ಯಾಸೆಟ್ ಒಯ್ದುಬಿಡ್ರಿ. ಇನ್ನೊಮ್ಮಿ ಕೇಳಿದ್ರ ಕೊಡಬ್ಯಾಡ್ರಿ. ಇವ್ರು ಊಟ, ನಿದ್ದಿ ಎಲ್ಲಾ ಬಿಟ್ಟಾರ."

ಒಳಗೆ ಒಂದೇ ಮಿಷನ್. ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಪಕೀರಪ್ಪ ಕುಳಿತಿದ್ದ. ಚಿತ್ರ ನಿಂತಿತ್ತು. ಮುದುಕಿ ಮಣ್ಣಿನ ಬುಟ್ಟಿಯ ಪಕ್ಕದಲ್ಲಿ ಬೋರಲು ಬಿದ್ದಿದ್ದಳು. ಅವಳ ಹಿಂದೆ ಸಾಲಾಗಿ ಆಳುಗಳು.

"ಇನ್ನೊಂದು ಮಿಷನ್ ಎಲ್ಲದ?"

"ಯಾವ ಮಿಷನ್ ರೀ ಸಾಬ್ರೆ?"

"ಹಾಡಿಲ್ಲ, ಫೈಟಿಂಗ್ ಇಲ್ಲ. ನಮ್ಮ ಮನ್ಯಾಗ ಹಾಕಿದ್ರ ಬೀವಿ ಹತ್ತು ನಿಮಿಷಕ್ಕ ಎದ್ದು ಹೋದ್ಲು. ನೀ ಐದು ಸಲ ಏನ್ ನೋಡ್ತಿಯಪಾ ಇದರಾಗ?"

ಪಕೀರಪ್ಪ ತೆರೆಯತ್ತ ಕೈ ತೋರಿಸಿದ.

"ನಮ್ಮವ್ವ ರೀ, ಗೋಪಮ್ಮ. ಎಂಟು ವರ್ಷದ ಹಿಂದ ನಮ್ಮೂರು ಅರಕೇರಾದಾಗ ಶೂಟಿಂಗ್ ಆಗಿತ್ತು. ಊರ ಮಂದೀನೆಲ್ಲಾ ಕೂಲಿಗೆ ಕರ್ಕೊಂಡಿದ್ರು."

ಸತ್ತಾರ್ ಸಾಬರ ಸಿಟ್ಟು ಜರ್ರನೆ ಇಳಿಯಿತು.

"ಯಾ ಅಲ್ಲಾ! ಮೊದಲ ಹೇಳಬಾರದೇನೋ? ಇಡೀ ರಾಯಚೂರು ಆಕಿ ನಟನೆ ಹೊಗಳತದ. ಕರಿ, ಒಂದು ಸಲಾಂ ಮಾಡ್ತೀನಿ."

ಸೂಗಮ್ಮ ಗೋಡೆಯತ್ತ ಮುಖ ತಿರುಗಿಸಿದಳು.

"ಅಲ್ಲಿಂದ ಆಕಿ ಏಳಲಿಲ್ಲ ರೀ," ಎಂದ ಪಕೀರಪ್ಪ.

 ಸತ್ತಾರ್ ಸಾಬ್ ಬಗ್ಗಿ ಮಿಷನ್ನಿನ ಗುಂಡಿಯ ಮೇಲೆ ಬೆರಳಿಟ್ಟರು.

"ಸಾಕು, ಪಕೀರಪ್ಪ. ಹೆತ್ತವ್ವನ್ನ ಹಿಂಗ ನೋಡಬ್ಯಾಡ."

"ಅವ್ವನ್ನ ನೋಡಾಕತ್ತಿಲ್ಲ ಸಾಬ್ರೆ."

ಪಕೀರಪ್ಪನ ಬೆರಳು ಮುದುಕಿಯನ್ನು ದಾಟಿ, ಅವಳಿಗೆ ಎರಡೇ ಮಾರು ದೂರದಲ್ಲಿ ಗುದ್ದಲಿ ಹಿಡಿದು ನಿಂತಿದ್ದ ಗಟ್ಟಿಮುಟ್ಟಾದ ಆಳಿನ ಮೇಲೆ ನಿಂತಿತು.

"ಕಟ್ ಅನ್ನೋತನಕ ಯಾರೂ ಅಲ್ಲಾಡಬಾರದು ಅಂದಿದ್ರು. ಈತ ನಾನು. ಅಲ್ಲಾಡಲೇ ಇಲ್ಲ."