ಕಂಪೌಂಡರ್ ಮಗಳು ಮ್ಯೂಸಿಯಂಗೆ ಬಂದಳು

ಧಾರವಾಡದ ಹೆಸರು ಕೇಳಿದರೆ ಸಾಕು, ನೀಲವ್ವನ ಎದೆ ಧಸಕ್ಕೆನ್ನುತ್ತಿತ್ತು…

ಅದು ಅವಳು ಹುಟ್ಟಿ ಬೆಳೆದ ಊರು. ಆದರೂ ಮದುವೆಯಾಗಿ ಹೊಸಪೇಟೆಗೆ ಹೋದವಳು, ಅಪ್ಪ ತೀರಿಕೊಂಡಾಗ ಮಣ್ಣಿಗೆ ಬಂದದ್ದೇ ಕೊನೆ. ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಕಾರಣ… ಒಂದು ಕಾದಂಬರಿ.

ಅವಳ ಅಪ್ಪ ಮಡಿವಾಳಪ್ಪ, ತಮ್ಮ ಓಣಿಯ ದವಾಖಾನೆಯಲ್ಲಿ ಕಂಪೌಂಡರ್. ಒಂದು ಕಾಲು ಸ್ವಲ್ಪ ಕುಂಟು. ಬಗಲಲ್ಲಿ ಸದಾ ಒಂದು ಕೊಡೆ.

ಅದೇ ಓಣಿಯ ಹುಡುಗನೊಬ್ಬ ಮುಂದೆ ನಾಡಿಗೇ ದೊಡ್ಡ ಸಾಹಿತಿಯಾದ. ಅವನ ಹೆಸರುವಾಸಿ ಕಾದಂಬರಿಯಲ್ಲಿ ಒಬ್ಬ ಕುಂಟ ಕಂಪೌಂಡರ್ ಬರುತ್ತಾನೆ… ಬಗಲಲ್ಲಿ ಕೊಡೆ ಹಿಡಿದುಕೊಂಡು.

ಕುಡಿದ ಅಮಲಿನಲ್ಲಿ ತಪ್ಪು ಔಷಧಿ ಕೊಡುತ್ತಾನೆ. ಕಥಾನಾಯಕನ ಪುಟ್ಟ ತಂಗಿ ಸತ್ತುಹೋಗುತ್ತಾಳೆ.

ಓದಿದವರೆಲ್ಲ ಕಣ್ಣೀರು ಹಾಕಿದರು. ಓಣಿಯ ಜನ ಮಾತ್ರ ಮಡಿವಾಳಪ್ಪನ ಕಡೆ ತಿರುಗಿ ನೋಡಿದರು…

ಸಾಹಿತಿಗೂ ಒಬ್ಬ ತಂಗಿ ಇದ್ದಳಂತೆ, ಸಣ್ಣವಳಿದ್ದಾಗ ಜ್ವರದಲ್ಲಿ ಮಲಗಿದ್ದಳಂತೆ, ಆಮೇಲೆ ಅವಳನ್ನು ಓಣಿಯಲ್ಲಿ ಯಾರೂ ಕಂಡಿಲ್ಲವಂತೆ. ಅಷ್ಟು ಸಾಕಾಯಿತು. ಬಾಯಿಂದ ಬಾಯಿಗೆ ಹಬ್ಬಿ, ಕಥೆಯೇ ನಿಜವಾಗಿಬಿಟ್ಟಿತು.

ಅಪ್ಪ ಒಮ್ಮೆ ಮಾತ್ರ ಹೇಳಿದ್ದ. “ಅದು ಬರೇ ಕಥಿ, ಅವ್ವಾ.”

ಆದರೆ ಮಗಳ ಸಮಾಧಾನಕ್ಕೆಂದೇ ಹಾಗೆ ಹೇಳಿದನೇ? ಬಿಡಿಸಿ ಕೇಳುವ ಧೈರ್ಯ ನೀಲವ್ವನಿಗೆ ಬರಲಿಲ್ಲ. ದವಾಖಾನೆಗೆ ಬರುವವರು ಅವನ ಕೈಯಿಂದ ಔಷಧಿ ತೆಗೆದುಕೊಳ್ಳಲು ಹಿಂಜರಿದರು. ಅಪ್ಪ ಕೆಲಸ ಬಿಟ್ಟ, ಆಮೇಲೆ ಮಾತೂ ಬಿಟ್ಟ, ಒಂದು ದಿನ ಲೋಕವನ್ನೂ ಬಿಟ್ಟುಹೋದ.

ಆ ಪ್ರಶ್ನೆ ಮಾತ್ರ ಮಗಳ ಹೊಟ್ಟೆಯಲ್ಲಿ ಉಳಿಯಿತು.

ಗಂಡನ ಮನೆಯಲ್ಲಿ ಅವಳು ಅಪ್ಪನ ವಿಷಯ ಎತ್ತುತ್ತಲೇ ಇರಲಿಲ್ಲ. ಏನೋ ಸಣ್ಣ ನೌಕರಿಯಲ್ಲಿದ್ದರು ಎಂದು ತೇಲಿಸಿಬಿಡುತ್ತಿದ್ದಳು.

ಮೊನ್ನೆ ಹುಬ್ಬಳ್ಳಿಯಲ್ಲಿ ಬೀಗರ ಮನೆಯ ಮದುವೆ. ಮುಗಿಸಿಕೊಂಡು ಹೊರಟಾಗ ಸೊಸೆ ಪೂರ್ಣಿಮಾ ಕಾರನ್ನು ಧಾರವಾಡದ ಕಡೆ ತಿರುಗಿಸಿದಳು. ಆ ಸಾಹಿತಿಯೆಂದರೆ ಅವಳಿಗೆ ಪ್ರಾಣ. ಅವರ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರಂತೆ, ಅತ್ತೆಗೆ ತವರೂರು ತೋರಿಸಿದ ಹಾಗೂ ಆಯಿತು ಎಂದು ಅವಳ ಲೆಕ್ಕ.

ಮಂಡಿನೋವು, ಕಾರಲ್ಲೇ ಕೂರುತ್ತೇನೆ ಎಂದಳು ನೀಲವ್ವ. ಸೊಸೆ ಕೇಳಬೇಕಲ್ಲ… ಕೈ ಹಿಡಿದೇ ಒಳಗೆ ಕರೆದೊಯ್ದಳು.

ಕೆಳಗೆ ಸಾಹಿತಿಯ ಕನ್ನಡಕ, ಪೆನ್ನು, ಶಾಲು, ಪ್ರಶಸ್ತಿಗಳು. ನೀಲವ್ವ ತಲೆ ತಗ್ಗಿಸಿಯೇ ದಾಟಿದಳು.

ಮಹಡಿಯಲ್ಲಿ ಹಳೆಯ ಧಾರವಾಡ. ಟಾಂಗಾಗಳ ಫೋಟೋ, ಪೇಟೆಯ ಫೋಟೋ… ನಡುವೆ ಗಾಜಿನೊಳಗೆ ಕಟ್ಟಿಗೆಯಲ್ಲಿ ಮಾಡಿದ ಅವಳದೇ ಓಣಿ. ಮೂಲೆಯಲ್ಲಿ ದವಾಖಾನೆ.

ಅವಳು ಗಾಜಿನ ಮೇಲೆ ಕೈಯಿಟ್ಟಳು.

ಪಕ್ಕದ ಕುರ್ಚಿಯಲ್ಲಿ ನೂಲಿನ ಸೀರೆಯುಟ್ಟ ಒಬ್ಬ ಹಣ್ಣುಮುದುಕಿ ಕೂತಿದ್ದರು. ಸುತ್ತ ಕಾಲೇಜು ಹುಡುಗಿಯರು. ಒಬ್ಬಳು ದವಾಖಾನೆಯತ್ತ ಬೆರಳು ತೋರಿಸಿ, ಆ ಪಾಪಿ ಕಂಪೌಂಡರ್ ಇದ್ದದ್ದು ಇಲ್ಲೇ ಏನು ಎಂದು ಕೇಳಿದಳು.

ನೀಲವ್ವ ಸರಕ್ಕನೆ ಹಿಂದಕ್ಕೆ ತಿರುಗಿದಳು. ಹೊರಗೆ ಹೋಗಿಬಿಡಬೇಕು… ಸೊಸೆಗೆ ಗೊತ್ತಾಗುವ ಮೊದಲು ಹೋಗಿಬಿಡಬೇಕು…

ಅಷ್ಟರಲ್ಲಿ ಆ ಮುದುಕಿಯ ಮಾತು ಕೇಳಿಸಿತು.

“ಪಾಪಿ ಅನಬ್ಯಾಡವಾ. ಕಥಿಯೊಳಗ ಸತ್ತಾಕಿ ನಾನೇ ನೋಡು… ಅವರು ಇದ್ದದ್ದಕ್ಕ ಬದುಕೀನಿ.”

ನೀಲವ್ವ ನಿಂತಲ್ಲೇ ನಿಂತಳು.

ಅವರು ಯಮುನಾಬಾಯಿ, ಸಾಹಿತಿಯ ಸ್ವಂತ ತಂಗಿ. ಆಗ ಇನ್ನೂ ಶಾಲೆಗೆ ಸೇರದ ಮಗು. ವಿಷಮಶೀತ ಜ್ವರ. ಡಾಕ್ಟರು ಊರಲ್ಲಿರಲಿಲ್ಲ. ಕಂಪೌಂಡರ್ ಆ ಕುಂಟುಗಾಲಲ್ಲೇ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಕಟ್ಟಿಗೆಯ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆ ತಂದರಂತೆ. ಜ್ವರ ಇಳಿಯುವವರೆಗೂ ಹಣೆಗೆ ಪಟ್ಟಿ ಹಾಕುತ್ತ ಹಾಸಿಗೆಯ ಪಕ್ಕದಿಂದ ಏಳಲೇ ಇಲ್ಲವಂತೆ.

ಮಗು ಗುಣವಾಯಿತು. ಹವೆ ಬದಲಾಗಲಿ ಎಂದು ಸೋಲಾಪುರದ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲೇ ಬೆಳೆದರು, ಅಲ್ಲೇ ಮದುವೆಯಾಯಿತು. ಓಣಿಯವರು ಅವರನ್ನು ಮತ್ತೆ ನೋಡಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಕಾದಂಬರಿ ಓದಿ, ಹೀಗ್ಯಾಕೆ ಬರೆದಿ ಎಂದು ಅಣ್ಣನ ಜೊತೆ ಜಗಳವಾಡಿದ್ದರು. ಕಥೆಯನ್ನು ಜನ ಕಥೆಯೆಂದೇ ಓದುತ್ತಾರೆ ಬಿಡು ಎಂದಿದ್ದನಂತೆ ಅಣ್ಣ… ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದರು. ಅಷ್ಟರಲ್ಲಿ ಕಂಪೌಂಡರ್ ಇರಲಿಲ್ಲ. ಅವರ ಮನೆಯವರು ಎಲ್ಲಿದ್ದಾರೆಂದೂ ಯಾರಿಗೂ ತಿಳಿದಿರಲಿಲ್ಲ.

ಅದಕ್ಕೇ ಇಲ್ಲಿ ಬಂದು ಕೂರುತ್ತಿದ್ದರು. ಬಂದವರಿಗೆಲ್ಲ ಹೇಳಲು.

ನೀಲವ್ವ ಗುಂಪಿನ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

“ನಾನು… ಕಂಪೌಂಡರ್ ಮಡಿವಾಳಪ್ಪನ ಮಗಳ್ರೀ.”

ಅಪ್ಪನ ಹೆಸರನ್ನು ನಾಲ್ಕು ಜನರ ಮುಂದೆ ಹೇಳದೆ ಎಷ್ಟು ಕಾಲವಾಗಿತ್ತೋ…

ಪೂರ್ಣಿಮಾ ಬೆರಗಾಗಿ ಅತ್ತೆಯನ್ನು ನೋಡಿದಳು.

ಯಮುನಾಬಾಯಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ನೀಲವ್ವನ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

“ಎಲ್ಲಿದ್ದೆವ್ವಾ ಇಷ್ಟು ದಿನಾ? ನಿಮ್ಮಪ್ಪನ ಕೈ ಹಿಂಗ ಇತ್ತು… ತಣ್ಣಗ.”

ನೀಲವ್ವ ಅತ್ತಳು. ಸಣ್ಣ ಹುಡುಗಿಯ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಹೇಳಿದ್ದು ಖರೆ… ಅದು ಬರೀ ಕಥೆ.

ಪ್ರಶ್ನೆ ಕೇಳಿದ್ದ ಹುಡುಗಿ ಸದ್ದಿಲ್ಲದೆ ಒಂದು ಕುರ್ಚಿ ತಂದು ಅವಳನ್ನು ಕೂರಿಸಿದಳು. ತನ್ನ ನೀರಿನ ಬಾಟಲಿಯನ್ನೂ ಕೊಟ್ಟಳು.

ಸೊಸೆ ಪಕ್ಕದಲ್ಲಿ ಮಂಡಿಯೂರಿ ಕೂತಳು. ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದಿರಾ ಅತ್ತಿ, ಎಂದಷ್ಟೇ ಕೇಳಿದಳು.

ಅವತ್ತು ಊರಿಗೆ ಮರಳುವಾಗ ಕಾರಿನಲ್ಲಿ ನೀಲವ್ವ ಬಾಯಿ ಬಿಟ್ಟಳು. ಅಪ್ಪ ಕಷಾಯ ಕುದಿಸುತ್ತಿದ್ದ ರೀತಿ, ಕಹಿ ಗುಳಿಗೆ ನುಂಗಿಸಲು ಮಕ್ಕಳಿಗೆ ಹೇಳುತ್ತಿದ್ದ ಸುಳ್ಳುಗಳು, ನಗುವಾಗ ಮುಚ್ಚಿಹೋಗುತ್ತಿದ್ದ ಅವನ ಕಣ್ಣು…

ಗದಗ ದಾಟಿತು. ಕೊಪ್ಪಳ ದಾಟಿತು. ಅಪ್ಪನ ಬಗ್ಗೆ ಅವಳ ಮಾತು ಮುಗಿಯಲೇ ಇಲ್ಲ.

ಊರೆಲ್ಲ ಆಡಿದ ಮಾತಿಗಿಂತ, ಉಪಕಾರ ಪಡೆದ ಒಬ್ಬರ ಮಾತಿಗೆ ತೂಕ ಹೆಚ್ಚು.

ನಿಮ್ಮನ್ನು ಕಾಪಾಡಿದ ಒಬ್ಬರ ಬಗ್ಗೆ ಜನ ತಪ್ಪು ತಿಳಿದಿದ್ದಾರೆಯೇ… ನಿಮಗೆ ಗೊತ್ತಿರುವ ನಿಜವನ್ನು ಅವರ ಮನೆಯವರಿಗೆ ಯಾವಾಗ ಹೇಳುತ್ತೀರಿ?